ಬಿಂಬುಳಿಯಲ್ಲಿ ತೊಳೆದ ತೋಟೆಗಳು

ಬಿಂಬುಳಿಯ ಹುಳಿಕಾಯಿಯನ್ನು ಕಿವುಚಿ ಹಿತ್ತಾಳೆಗೆ ಉಜ್ಜಿದರೆ ಒಂದು ವಾಸನೆ ಏಳುತ್ತದೆ. ನಾಲಿಗೆಯ ಬುಡದಲ್ಲಿ ನೀರೂರಿಸುವ, ಸ್ವಲ್ಪ ರಕ್ತದ ಹಾಗಿರುವ ವಾಸನೆ. ಮೊನ್ನೆ ಬಂಟ್ವಾಳದ ನನ್ನ ಮನೆಯ ಹಿತ್ತಿಲಲ್ಲಿ ಕುಳಿತು, ಸುಮತಿ ಚಿಕ್ಕಮ್ಮನ ಉತ್ತರಕ್ರಿಯೆಗೆಂದು ಕಾಲುದೀಪ ತೊಳೆಯುತ್ತಿದ್ದಾಗ ಆ ವಾಸನೆಗೆ ನನ್ನ ಕೈ ನಿಂತುಹೋಯಿತು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೊಂದು ವಾಸನೆಯನ್ನು ಬಿಟ್ಟು ಹೋಗಿರಬಹುದು. ನನಗೆ ಅದು ನಾರಾವಿಯ ಮನೆಯ ಬಚ್ಚಲಕಲ್ಲಿನ ಮೇಲೆ ಸಾಲಾಗಿ ನಿಂತ, ಕೋವಿಯ ಖಾಲಿ ತೋಟೆಗಳ ವಾಸನೆ.

ಆ ಮನೆಯಲ್ಲಿದ್ದವರು ಮೂವರು. ಅಮ್ಮನ ಅಣ್ಣನಾದ ಮಾವ, ಅವರ ಕಿರಿಯ ತಂಗಿ ಸುಮತಿ ಚಿಕ್ಕಮ್ಮ, ಮತ್ತು ನಾನು. ಅಪ್ಪ ಅಮ್ಮ ಗಲ್ಫಿನಲ್ಲಿದ್ದರು. ಗದ್ದೆಗಿಳಿಯುವ ಹಂದಿಗಳಿಗಾಗಿ ಮಾವನಲ್ಲಿ ಲೈಸೆನ್ಸಿನ ಕೋವಿ ಇತ್ತು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ತೋಟೆಗಳನ್ನು ಅವರು ಎಸೆಯುತ್ತಿರಲಿಲ್ಲ. ತೊಳೆದು ಒಣಗಿಸಿದ್ದನ್ನು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮತ್ತೆ ಸಿಡಿಮದ್ದು ತುಂಬಿಸುತ್ತಿದ್ದರು. ತೊಳೆಯುವ ಕೆಲಸ ಚಿಕ್ಕಮ್ಮನದು. ಅದನ್ನು ಹೊರಗಿನವರ ಕೈಗೆ ಕೊಡುವ ಹಾಗಿಲ್ಲ ಎಂದು ಮಾವ ಹೇಳುತ್ತಿದ್ದರು. ಹಾಗಾಗಿ ಮದುವೆಯಾಗದೆ ಉಳಿದ ಚಿಕ್ಕಮ್ಮ ಮನೆ ಬಿಟ್ಟು ಎರಡು ದಿನ ಎಲ್ಲಿಯೂ ನಿಲ್ಲುವಂತಿರಲಿಲ್ಲ. ಚುನಾವಣೆ ಬಂದು ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರಿದಾಗ ಮಾತ್ರ ಅವರಿಗೆ ರಜೆ. "ಈ ಸರ್ಕಾರ ಬೇಗ ಬೀಳಲಿ ದೇವರೇ" ಎಂದು ಅವರು ತುಳುವಿನಲ್ಲಿ ಹರಕೆ ಹೇಳಿಕೊಳ್ಳುವುದನ್ನು ಕೇಳಿ ನಾನು ನಗುತ್ತಿದ್ದೆ. ಅಂಥ ಒಂದು ರಜೆಯಲ್ಲಿ ಅವರು ಮೂಡುಬಿದಿರೆಗೆ ಹೋಗಿ, ಹೊಲಿಗೆ ಅಂಗಡಿ ಇಟ್ಟಿದ್ದ ಗೆಳತಿಯನ್ನು ಕಂಡು ಬಂದರು. ಬಂದವರು ಕೆಲವು ದಿನ ಸರಿಯಾಗಿ ಉಣ್ಣಲಿಲ್ಲ. ಗೆಳತಿ ಅವರನ್ನು ಕೆಲಸಕ್ಕೆ ಕರೆದಿದ್ದಳು.

ಹೋಗಲೇ ಎಂದು ಚಿಕ್ಕಮ್ಮ ಕೇಳಿದಾಗ ಮಾವ ಇಲ್ಲವೆನ್ನಲಿಲ್ಲ. ಎಲೆಯಡಿಕೆ ಜಗಿಯುತ್ತ ನನ್ನ ಕಡೆ ನೋಡಿದರು. "ಹುಡುಗಿಗೆ ಕಲಿಸು. ತೋಟೆ ತೊಳೆಯಲು ಬಂದರೆ ಮನೆಯ ಕೆಲಸವೂ ಬರ್ತದೆ. ಅವಳು ಇಲ್ಲಿರಲಿ, ನೀನು ಹೋಗು. ಬರದಿದ್ದರೆ ಅವಳಪ್ಪ ಹೇಳಿದ ಹಾಗೆ ಮೂಡುಬಿದಿರೆಯ ಹಾಸ್ಟೆಲಿಗೆ ಹಾಕುವ, ನೀನು ಇಲ್ಲೇ ಇರು." ಚಿಕ್ಕಮ್ಮ ಹೊರಟರೆ ಅವರಂತೆಯೇ ನಾನು ಆ ಮನೆಗೆ ಕಟ್ಟುಬೀಳಬೇಕಾಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೋದ ಮೇಲೆ ನನಗೊಂದು ಫ್ರಾಕು ಹೊಲಿದುಕೊಡುವುದಾಗಿ ಅವರು ಹೇಳಿದ್ದರು, ನನ್ನ ಮನಸ್ಸೆಲ್ಲ ಅದರ ಮೇಲಿತ್ತು.

ಆ ಬೇಸಿಗೆ ಕಲಿತೆ. ಬಿಂಬುಳಿಯ ನೀರಿನಲ್ಲಿ ತೋಟೆಗಳನ್ನು ಸ್ವಲ್ಪ ಹೊತ್ತು ಮಾತ್ರ ಬಿಡಬೇಕು. ಮರೆತರೆ ಹಿತ್ತಾಳೆ ತಾಮ್ರದ ಹಾಗೆ ಕೆಂಪಾಗಿ ಕೆಲಸಕ್ಕೆ ಬಾರದು. ಕಡ್ಡಿಗೆ ತೆಂಗಿನ ನಾರು ಸುತ್ತಿ ಒಳಗಿನ ಮಸಿಯನ್ನು ತಿಕ್ಕಬೇಕು, ಕಪ್ಪು ನೀರು ಹೋಗುವವರೆಗೆ ತೊಳೆಯಬೇಕು, ಗೆರಸೆಯಲ್ಲಿ ಕವುಚಿ ಬಿಸಿಲಿಗಿಡಬೇಕು. ಒಲೆಯ ಹತ್ತಿರ ತರಲೇಬಾರದು. ನನ್ನ ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತು. ಅಂಗಳಕ್ಕೆ ಬಾಗಿದ ಮಾಡು ತಗ್ಗಿನದು, ಸುತ್ತ ಎತ್ತರದ ಪಾಗಾರ. ಅಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ, ಬಸ್ಸಿನ ಸದ್ದು ಮಾತ್ರ ಕೇಳುತ್ತಿತ್ತು. ಮಾವ ಗದ್ದೆಗೆ ಹೋದ ಹೊತ್ತಿನಲ್ಲಿ ಚಿಕ್ಕಮ್ಮ ಒಣಗಿದ ತೋಟೆಯೊಂದನ್ನು ತೆಗೆದು, ತಳದ ತೂತಿಗೆ ಬೆರಳಿಟ್ಟು, ಬಾಯಿಗೆ ಹಿಡಿದು ಕಂಡಕ್ಟರನಂತೆ ಸೀಟಿ ಊದುತ್ತಿದ್ದರು. "ಶಿರ್ತಾಡಿ, ಮೂಡುಬಿದ್ರೆ, ಮೂಡುಬಿದ್ರೆ! ಬೇಗ ಹತ್ತು ಮಾರಾಯ್ತಿ, ಸೀಟುಂಟು!" ನಾನು ಬಚ್ಚಲಕಲ್ಲು ಹತ್ತಿ ಕೂರುತ್ತಿದ್ದೆ. ಕೊಡಪಾನ, ಪೊರಕೆ, ಬೆಕ್ಕು ಎಲ್ಲವೂ ಪ್ರಯಾಣಿಕರು. ಬಸ್ಸು ಮಾತ್ರ ಆ ಅಂಗಳ ಬಿಟ್ಟು ಹೋಗುತ್ತಿರಲಿಲ್ಲ.

ಶಾಲೆ ಶುರುವಾಗುವ ಮೊದಲು ಮಾವ ನನ್ನ ಕೆಲಸ ಪರೀಕ್ಷಿಸಲು ಕುಳಿತರು. ನಾನೊಬ್ಬಳೇ ತೊಳೆದು, ಇಡೀ ಎರಡು ಬಿಸಿಲು ಒಣಗಿಸಿದ ತೋಟೆಗಳು. ಚಿಕ್ಕಮ್ಮ ಗೆರಸೆಯನ್ನು ಒಳಗಿನಿಂದ ತಂದು ಮಾವನ ಎದುರು ಇಟ್ಟರು. ಮಾವ ಒಂದನ್ನು ಎತ್ತಿ ಹಳೆಯ ಪೇಪರಿನ ಮೇಲೆ ಕೊಡವಿದರು. ನೀರಿನ ಹನಿ ಬಿತ್ತು. ಇನ್ನೊಂದನ್ನು ಕೊಡವಿದರು. ಮತ್ತೂ ಹನಿ.

"ಇದರಲ್ಲಿ ಮದ್ದು ಹಾಕಿದರೆ ಹಂದಿ ನಗ್ತದೆ" ಎಂದರು ಮಾವ.

"ಒಣಗಿತ್ತು ಮಾವ, ನಾನು ನೋಡಿದ್ದೇನೆ..."

"ಇವಳಿಂದ ಆಗುವುದಿಲ್ಲ ಅಣ್ಣ" ಎಂದರು ಚಿಕ್ಕಮ್ಮ. ಅವರ ದನಿ ಗಟ್ಟಿಯಾಗಿತ್ತು. "ಎಷ್ಟು ಹೇಳಿಕೊಟ್ಟರೂ ಅಷ್ಟೇ. ಕೈಯಲ್ಲಿ ಬುದ್ಧಿಯೇ ಇಲ್ಲ. ಹಾಸ್ಟೆಲಿಗೇ ಹಾಕಿ."

"ಮತ್ತೆ ನಿನ್ನ ಹೊಲಿಗೆ?"

"ಅದು ಇನ್ನೊಮ್ಮೆ ನೋಡುವ."

ನಾನು ಅತ್ತುಬಿಟ್ಟೆ. ಚಿಕ್ಕಮ್ಮನ ಸೆರಗಿನ ತುದಿ ಒದ್ದೆಯಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ಆದರೆ ಅಂಥದ್ದನ್ನು ಕೂಡಿಸಿ ನೋಡುವ ವಯಸ್ಸು ಅದಲ್ಲ. ನನ್ನಿಂದಾಗಿ ಅವರಿಗೆ ಹೋಗಲಾಗಲಿಲ್ಲ ಎಂಬ ಒಂದೇ ಯೋಚನೆ. ಹಾಸ್ಟೆಲಿಗೆ ಹೊರಟ ದಿನ ಅವರು ರಸ್ತೆಯವರೆಗೆ ಬಂದು ನನ್ನ ಪೆಟ್ಟಿಗೆಯನ್ನು ಬಸ್ಸಿಗೆ ಹತ್ತಿಸಿದರು. ಕಂಡಕ್ಟರ್ ಸೀಟಿ ಊದಿದ. ನನ್ನ ಕೈಯನ್ನೊಮ್ಮೆ ಅಮುಕಿ, ಬಸ್ಸು ತಿರುಗುವ ಮೊದಲೇ ಮನೆಯ ದಾರಿ ಹಿಡಿದರು. ಆ 'ಇನ್ನೊಮ್ಮೆ' ಬರಲಿಲ್ಲ. ನಾನು ಮೂಡುಬಿದಿರೆಯಲ್ಲಿ ಓದು ಮುಗಿಸಿದೆ, ಬಂಟ್ವಾಳದಲ್ಲಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಮಾವ ತೀರಿಕೊಂಡು, ಕೋವಿಯನ್ನು ಠಾಣೆಗೆ ಒಪ್ಪಿಸಿ, ಮನೆಯನ್ನು ಕೊಂಡವರು ಕೆಡವಿ ಕಟ್ಟುವ ಹೊತ್ತಿಗೆ ಚಿಕ್ಕಮ್ಮನ ಕಣ್ಣಿಗೆ ಸೂಜಿಯ ತೂತು ಕಾಣುತ್ತಿರಲಿಲ್ಲ. ಕೊನೆಯ ವರ್ಷಗಳನ್ನು ನನ್ನ ಮನೆಯಲ್ಲಿ, ರಸ್ತೆ ಕಾಣುವ ಕೋಣೆಯಲ್ಲಿ ಕಳೆದರು. ಕಿಟಕಿಯ ಹತ್ತಿರ ಕುಳಿತಿರುತ್ತಿದ್ದರು, ಆದರೆ ಹೊರಗೆ ಹೋಗುವ ಎಂದು ಕರೆದರೆ, "ಇನ್ನು ಎಲ್ಲಿಗೆ?" ಎನ್ನುತ್ತಿದ್ದರು. ಬೀಗ ತೆಗೆದ ಮೇಲೂ ಅವರು ಒಳಗೇ ಉಳಿದುಬಿಟ್ಟಿದ್ದರು.

ಕಳೆದ ತಿಂಗಳು, ಅವರು ಹಾಸಿಗೆ ಹಿಡಿದಿದ್ದಾಗ, ಕಾಲು ನೀವುತ್ತ ಕೇಳಿದೆ: "ಚಿಕ್ಕಮ್ಮ, ಆವತ್ತು ಆ ತೋಟೆಗಳು..."

ಅವರು ಕಣ್ಣು ತೆರೆಯಲಿಲ್ಲ. "ಒಣಗಿತ್ತು ಮಾರಾಯ್ತಿ" ಎಂದರು. "ಚೆನ್ನಾಗಿಯೇ ಒಣಗಿತ್ತು."

ಅವರ ಸಾಮಾನಿನಲ್ಲಿ ಸೂಜಿಗಳನ್ನಿಟ್ಟುಕೊಂಡಿದ್ದ ಒಂದು ತೋಟೆ ಉಳಿದಿತ್ತು. ಮೊನ್ನೆ ದೀಪದ ಜೊತೆ ಅದನ್ನೂ ಬಿಂಬುಳಿಯಲ್ಲಿ ತೊಳೆದೆ, ಕವುಚಿ ಬಿಸಿಲಿಗಿಟ್ಟೆ. ಸಂಜೆಯ ಹೊತ್ತಿಗೆ ಎತ್ತಿ ಕೊಡವಿದೆ. ಹನಿ ಬೀಳಲಿಲ್ಲ. ತಳದ ತೂತಿಗೆ ಬೆರಳಿಟ್ಟು ಊದಿದಾಗ ಸೀಟಿ ಕೇಳಿಸಿತು, ಅಂಗಳ ದಾಟಿ ರಸ್ತೆಯವರೆಗೂ ಹೋಗುವಷ್ಟು ಗಟ್ಟಿಯಾಗಿ. ಅವರ ಕೋಣೆಯ ಕಿಟಕಿ ತೆರೆದೇ ಇತ್ತು.