ಅತ್ತೆಯ ಗಂಟಲು, ಮೀನಿನ ಕಿವಿ

ಮೊನ್ನೆ ಮಗಳು ಮನೆಗೊಂದು ಗಾಜಿನ ಮೀನುತೊಟ್ಟಿ ತಂದಳು. ನಡುಮನೆಯ ಕಡಪಾ ಕಲ್ಲಿನ ಮೇಲೆ ಅದನ್ನಿಟ್ಟು, ನೀರಿಗೆ ಗಾಳಿ ಊದುವ ಪುಟ್ಟ ಮೋಟರನ್ನೂ ಅದೇ ಕಲ್ಲಿನ ಮೇಲೆ ಕೂರಿಸಿ ಸ್ವಿಚ್ ಒತ್ತಿದಳು. ಮೋಟರು ಗುಂಯ್ ಎಂದಿತು. ನಾಲ್ಕು ಮೀನೂ ಮೂಲೆ ಸೇರಿದವು. ಕಾಳು ಹಾಕಿದರೆ ತಿರುಗಿಯೂ ನೋಡಲಿಲ್ಲ. “ಅಮ್ಮ, ಸ್ವಲ್ಪ ಮೆಲ್ಲಗೆ ಮಾತಾಡು, ಹೆದರ್ಕೊಂಡಿವೆ,” ಎಂದಳು ಮಗಳು. ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದ ನನ್ನ ಹೆಂಡತಿ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಆ ಮುಖ ಕಂಡದ್ದೇ ನನಗೆ ಕೆಂಪತ್ತೆಯ ನೆನಪಾಯಿತು.

ಕೆಂಪತ್ತೆ ನನ್ನ ಸೋದರಮಾವನ ಹೆಂಡತಿ. ಅವರ ತೆಂಗಿನ ತೋಟ ಅಮೃತೂರಿನ ಹತ್ತಿರ. ಅತ್ತೆಯ ಗಂಟಲನ್ನು ನೀವು ಕೇಳಬೇಕಿತ್ತು. ಅವಳು ಊಟಕ್ಕೆ ಕರೆದರೆ ರಸ್ತೆಯಲ್ಲಿ ಹೋಗುವ ಪ್ರೈವೇಟ್ ಬಸ್ಸಿನವನು ಬ್ರೇಕ್ ಹಾಕುತ್ತಾನೆ ಎಂದು ಮಾವ ಎಲ್ಲರಿಗೂ ಹೇಳುತ್ತಿದ್ದ. ಆ ಬಸ್ಸು ಹೇಗೂ ತೋಟದ ಮುಂದೆ ನಿಲ್ಲುತ್ತಿತ್ತು, ಅದು ಬೇರೆ ಮಾತು. ಅತ್ತೆ ಎಮ್ಮೆಯ ಹತ್ತಿರ ಮಾತಾಡುತ್ತಿದ್ದಳು, ಒಲೆಯ ಹತ್ತಿರ ಮಾತಾಡುತ್ತಿದ್ದಳು, ಯಾರೂ ಸಿಗದಿದ್ದರೆ ಮುದ್ದೆ ತಿರುವುತ್ತಾ ಮುದ್ದೆಯನ್ನೇ ಬೈಯುತ್ತಿದ್ದಳು. ರಜೆಯಲ್ಲಿ ಹೋದಾಗಲೆಲ್ಲ ನಾನು ಆ ಮಾತು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ.

ಎಂಬತ್ತರ ದಶಕದ ಶುರುವಿನ ಮಾತು. ತೋಟದ ಮಧ್ಯೆ ಕಲ್ಲು ಕಟ್ಟಿದ ಒಂದು ಕಟ್ಟೆಯಿತ್ತು, ಪುಟ್ಟ ಕೆರೆ ಎಂದುಕೊಳ್ಳಿ. ಕರೆಂಟನ್ನು ನಂಬುವ ಹಾಗಿರಲಿಲ್ಲವಾದ್ದರಿಂದ, ನೀರೊಳಗೆ ಇಳಿದಿದ್ದ ಮೆಟ್ಟಿಲುಗಳ ಮೇಲಿನ ಚಪ್ಪಡಿಗೆ ಮಾವ ಡೀಸೆಲ್ ಇಂಜಿನ್ ಬಿಗಿಸಿದ್ದ. ಆ ವರ್ಷ ಅವನಿಗೆ ಮೀನಿನ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ ಚೀಲದಲ್ಲಿ ಕಾಟ್ಲಾ ಮರಿಗಳನ್ನು ತಂದು ಕಟ್ಟೆಗೆ ಬಿಟ್ಟ. ದಿನಾ ಬೆಳಿಗ್ಗೆ ಇಂಜಿನ್ ಹಚ್ಚಿ, ಬಾಳೆಗೆ ನೀರು ತಿರುಗಿಸಿ, ಮರಿಗಳಿಗೆ ತೌಡು, ಕಡಲೆಕಾಯಿ ಹಿಂಡಿ ಎರಚುತ್ತಿದ್ದ. ಒಂದು ಮರಿಯೂ ಮೇಲೆ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಅತ್ತೆ ರೊಟ್ಟಿ ತಂದು, ಇಂಜಿನ್ನಿನ ಸದ್ದನ್ನೂ ಮೀರಿ ಕೂಗಿ ಮಾವನನ್ನು ಕರೆಯುತ್ತಿದ್ದಳು.

ನಾನಾಗ ತುಮಕೂರಿನಲ್ಲಿ ಪಿಯುಸಿ, ಅದೂ ಸೈನ್ಸು. ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. “ಮಾವ, ಶಬ್ದ ಗಾಳಿಗಿಂತ ನೀರಲ್ಲಿ ಜೋರಾಗಿ ಓಡುತ್ತೆ. ಅತ್ತೆ ಕೂಗೋದು ಮೀನಿಗೆ ಸಿಡಿಲು ಬಡಿದಂಗೆ ಕೇಳಿಸುತ್ತೆ,” ಎಂದುಬಿಟ್ಟೆ. ಶಬ್ದ ಮೊದಲು ನೀರಿನೊಳಕ್ಕೆ ಇಳಿಯಬೇಕಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಮಾವ ಅತ್ತೆಯ ಕಡೆ ತಿರುಗಿದ. “ಕೇಳುದ್ಯಾ? ಓದಿರೋನು ಹೇಳ್ತಾವ್ನೆ. ಇನ್ಮ್ಯಾಕೆ ಕಟ್ಟೆ ತಾವ ಬಾಯಿ ಬುಡಬ್ಯಾಡ.”

ಅತ್ತೆ ಮುಖ ಸಣ್ಣದು ಮಾಡಿಕೊಂಡಳು. ಕಟ್ಟೆಯ ಹತ್ತಿರವಷ್ಟೇ ಅಲ್ಲ, ಮನೆಯಲ್ಲೂ ಬಾಯಿ ಮುಚ್ಚಿದಳು. ರೊಟ್ಟಿ ತಂದು ಕೈಸನ್ನೆ ಮಾಡಿ ಹೋಗುವಳು. ಮೀನು ಬರಲಿಲ್ಲ. ಬಳೆಯ ಸದ್ದಿರಬೇಕೆಂದು ಮಾವನಿಗೆ ಅನುಮಾನ. ಅತ್ತೆ ಕೈಗೆ ಸೆರಗು ಸುತ್ತಿಕೊಂಡು ಬಂದಳು. ಆಗಲೂ ಬರಲಿಲ್ಲ. ಎಂಟು ದಿನ ಹೀಗೇ ಕಳೆಯಿತು. ಮನೆ ಬಿಕೋ ಎನ್ನುತ್ತಿತ್ತು, ನನಗೆ ನಿದ್ದೆ ಹತ್ತುತ್ತಿರಲಿಲ್ಲ. ತಪ್ಪು ನನ್ನದೇನೋ ಎಂಬ ಅಳುಕು ಹುಟ್ಟಿತ್ತು, ಆದರೆ ಒಪ್ಪಿಕೊಳ್ಳಲು ಸೈನ್ಸು ಬಿಡಬೇಕಲ್ಲ.

ಒಂಬತ್ತನೇ ದಿನ, ಮರಿಗಳು ಬದುಕಿವೆಯೋ ಇಲ್ಲವೋ ನೋಡೋಣವೆಂದು ಕಟ್ಟೆಗೆ ಇಳಿದು ಮುಳುಗಿದೆ. ಅಬ್ಬಬ್ಬ, ಇಂಜಿನ್ನು ನನ್ನ ತಲೆಯೊಳಗೇ ಓಡುತ್ತಿತ್ತು. ಮೆಟ್ಟಿಲು ಹಿಡಿದರೆ ಕೈಯೆಲ್ಲ ಗಡಗಡ, ಹಲ್ಲೆಲ್ಲ ಗಡಗಡ. ಉಸಿರು ಕಟ್ಟಿ ಮೇಲೆದ್ದರೆ ಎದುರಿಗೆ ಅತ್ತೆ, ಕಣ್ಣಲ್ಲಿ ನೀರು. “ಲೋ ಮುಂಡೇದೆ, ಮುಳುಗ್ದೋನು ಏಳ್ಬಾರ್ದಾ? ಆಗ್ಲಿಂದ ಗಂಟ್ಲು ಹರ್ಕೊಂತಿದೀನಿ, ಕೇಳಿಸಲಿಲ್ವೇನ್ಲಾ?”

ಒಂದಕ್ಷರವೂ ಕೇಳಿಸಿರಲಿಲ್ಲ. ಬಸ್ಸು ನಿಲ್ಲಿಸುವ ಗಂಟಲು ಆಳುದ್ದ ನೀರಿನೊಳಗೆ ನನಗೇ ಮುಟ್ಟಿರಲಿಲ್ಲ, ಇಂಜಿನ್ನು ಮಾತ್ರ ಕಲ್ಲು ಹಿಡಿದು ಸೀದಾ ಒಳಗಿಳಿದಿತ್ತು. ಮಾವನಿಗೆ ಹೇಳಿ ಇಂಜಿನ್ ನಿಲ್ಲಿಸಿದೆ. ಮೂವರೂ ಮೆಟ್ಟಿಲ ಮೇಲೆ ಕೂತೆವು. ಅತ್ತೆ ಇನ್ನೂ ನನ್ನನ್ನು ಬೈಯುತ್ತಲೇ ಇದ್ದಳು. ಅವಳು ಬೈಯುತ್ತಿದ್ದಂತೆಯೇ ಒಂದು ಮರಿ ಮೇಲೆ ಬಂದು ಹಿಂಡಿ ಕಚ್ಚಿತು, ಹಿಂದೆ ಹತ್ತು ಬಂದವು, ಆಮೇಲೆ ನೀರೆಲ್ಲ ಬಾಯಿಯೇ.

ಉಪಾಯವನ್ನೂ ಅತ್ತೆಯೇ ಹೇಳಿದಳು. ಇಂಜಿನ್ನನ್ನು ಚಪ್ಪಡಿಯಿಂದ ಬಿಚ್ಚಿ, ದೂರದ ಮಣ್ಣಿನ ಮೇಲೆ, ಮರದ ದಿಮ್ಮಿಗೆ ಬಿಗಿಸಿ, ಅಡಿಗೆ ತೆಂಗಿನ ಸಿಪ್ಪೆ ತುಂಬಿಸಿದಳು. ಮಾವ ಅವತ್ತು ರಾಜಿಗೆ ಬಂದು, “ಏನಾರ ಮಾತಾಡೇ,” ಎಂದ. ಅತ್ತೆ ಕೈಗೆ ಸೆರಗು ಸುತ್ತಿಕೊಂಡು ಸನ್ನೆ ಮಾಡಿ ತೋರಿಸಿದಳು. ನಾನು ಮಾತ್ರ ತಪ್ಪಾಯಿತೆಂದು ಹೇಳಲೇ ಇಲ್ಲ. ರಜೆ ಮುಗಿಯಿತು, ಬಸ್ಸು ಹತ್ತಿದೆ.

ಇಷ್ಟು ನೆನೆದು ಎದ್ದೆ. ಮೋಟರನ್ನು ಕಲ್ಲಿನಿಂದ ತೆಗೆದು ಪಕ್ಕದ ಸ್ಟೂಲಿನ ಮೇಲಿಟ್ಟೆ, ಅಡಿಗೆ ತೆಂಗಿನ ನಾರು ಹಾಸಿದೆ. ಹೆಂಡತಿಯನ್ನು ಕರೆದು, “ನೀನು ಎಷ್ಟು ಬೇಕಾದರೂ ಮಾತಾಡು,” ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಅಮೃತೂರಿಗೆ ಫೋನ್ ಮಾಡಿದೆ. ಅತ್ತೆಯ ಗಂಟಲು ಹಾಗೇ ಇದೆ, ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿಯಬೇಕಾಯಿತು. “ಅತ್ತೆ, ಅವತ್ತು ನಿನ್ನ ಬಾಯಿ ಮುಚ್ಚಿಸಿದ್ದು ನಾನೇ. ತಪ್ಪಾಯ್ತು,” ಎಂದೆ.

“ಅಯ್ಯೋ, ಆ ಮೀನಿನ ಇಸ್ಯಾನಾ? ಬುಡ್ಲಾ ಅತ್ಲಾಗೆ,” ಎಂದು ನಕ್ಕಳು. ನಾನು ತೊಟ್ಟಿಯ ವಿಷಯ ಹೇಳಿದೆ. “ಹೌದಾ? ಈಗ ನಾನ್ ಮಾತಾಡ್ತಿರೋದು ಅವಕ್ಕೆ ಕೇಳಿಸ್ತೈತಾ?”

“ಅವಕ್ಕೆ ಕೇಳಿಸಲ್ಲ ಅತ್ತೆ,” ಎಂದೆ. “ನನಗೆ ಕೇಳಿಸ್ತಿದೆ. ನೀನು ಮಾತಾಡು.”