ಹುಣಸೆಹುಳಿ ಹಚ್ಚಿದ ಕೋವಿ

ದಸರೆ ಬಂತೆಂದರೆ ನಮ್ಮ ಮನೆಯಲ್ಲಿ ದೀಪ ತಿಕ್ಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಬೇರೆ ಯಾವುದಕ್ಕೂ ಪ್ರಯೋಜನವಿಲ್ಲದವನು ಇಷ್ಟಾದರೂ ಮಾಡಲಿ ಎಂದು ಹೆಂಡತಿಯ ಲೆಕ್ಕ. ಇವತ್ತು ಬೆಳಿಗ್ಗೆ ಹುಣಸೆಹುಳಿ ನೆನೆಹಾಕಿ ಹಿತ್ತಾಳೆಗೆ ಹಚ್ಚಿದೆ ನೋಡಿ, ಆ ವಾಸನೆಗೆ ನೆರೂಳಿನ ಅತ್ತೆ ನೆನಪಾದರು.

ಅತ್ತೆಯೆಂದರೆ ನನ್ನ ಸೋದರಮಾವನ ಹೆಂಡತಿ. ಮಾವ ಉಡುಪಿ ಕಡೆಯಿಂದ ಮರಾಠಿ ನಾಡಿನ ನೆರೂಳಿಗೆ ಬಂದು ಹೋಟೆಲು ಇಟ್ಟವರು. ಊರಮನೆ ಪಾಲಾದಾಗ ಅಣ್ಣತಮ್ಮಂದಿರು ಗದ್ದೆಯ ಕಡೆ ನೋಡಿದರೆ ಇವರು ಕೇಳಿ ತಂದದ್ದು ಅಜ್ಜನ ಕಾಲದ, ಮದ್ದು ತುಂಬಿಸಿ ಹೊಡೆಯುವ ಕೇಪಿನ ಕೋವಿ. ಗುಂಡು ಹಾರದಂತೆ ನಳಿಗೆ ಮುಚ್ಚಿಸಿ, ಕಾಗದಪತ್ರವೆಲ್ಲ ಸರಿಮಾಡಿಸಿದ್ದರು. ಅದರ ಹಿತ್ತಾಳೆ ಪಟ್ಟಿಯ ಮೇಲೆ ಅಜ್ಜನ, ಎಂದರೆ ಮಾವನ ತಂದೆಯ, ಹೆಸರು ಕೊರೆದಿತ್ತು. ತಂದೆಯ ಒಂದು ಫೋಟೊ ಕೂಡ ಇಲ್ಲದ ಮಾವನಿಗೆ ಉಳಿದದ್ದು ಆ ಅಕ್ಷರಗಳು ಮಾತ್ರ.

ಹತ್ತಿರದ ಠಾಣೆ ಶಹರದಲ್ಲಿ ಹಳೆಯ ಆಯುಧಗಳನ್ನು ಸಂಗ್ರಹಿಸಿ ಜನರಿಗೆ ತೋರಿಸುವ ಮರಾಠಿ ಗೃಹಸ್ಥರೊಬ್ಬರಿದ್ದರು. ಕೋವಿ ಅಲ್ಲಿ ಅಜ್ಜನ ಹೆಸರಿನ ಸಮೇತ ನಿಲ್ಲಬೇಕೆಂಬುದು ಮಾವನ ಆಸೆ. ಆದರೆ ಅವರು ನೋಡಲು ಬರುವ ಮುಂಚೆ ಆಯುಧಪೂಜೆ ಬಂತು. ಅತ್ತೆ ದೀಪ, ಗಂಟೆ, ಆರತಿಯ ಜೊತೆ ಕೋವಿಗೂ ಹುಳಿ ಹಚ್ಚಿ, ಇಟ್ಟಿಗೆ ಪುಡಿ ಹಾಕಿ ಗಸಗಸ ತಿಕ್ಕಿಬಿಟ್ಟರು. ಕೋವಿ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯಿತು. ಮೊದಲೇ ಸವೆದಿದ್ದ ಹೆಸರಿನಲ್ಲಿ ಅರ್ಧ ಹೋಗಿತ್ತು.

ಮಾವ ಆ ದಿನ ಊಟಕ್ಕೆ ಏಳಲಿಲ್ಲ. ಮರುದಿನ, ಹಬ್ಬಕ್ಕೆ ಬಂದಿದ್ದ ನನ್ನನ್ನು ಕಟ್ಟಿಕೊಂಡು ಠಾಣೆ ಶಹರದ ಮಾಜಿವಾಡಾಕ್ಕೆ ಹೊರಟರು. ಅಲ್ಲಿ ಹಳೆಯ ಕೋವಿಗಳನ್ನು ದುರಸ್ತಿ ಮಾಡುವ ಧಾರವಾಡದ ಕಡೆಯವರೊಬ್ಬರಿದ್ದರು. ಬಿರುಕುಬಿಟ್ಟ ಮರದ ಹಿಡಿಗೆ ಹೊಸ ಮರ ಕೂಡಿಸಲು ಒಪ್ಪಿದರು. ಆಮೇಲೆ ಪಟ್ಟಿ ನೋಡಿ, "ಅಕ್ಷರಾನೂ ಕೊರದು, ಮ್ಯಾಲ ಕಪ್ಪು ಏರಿಸಿ ಕೊಡ್ತೀನ್ರಿ. ಯಾರಿಗೂ ಗೊತ್ತಾಗೂದಿಲ್ಲ" ಎಂದರು. ಮಾವನ ಮುಖ ಅರಳಿತು. ನನ್ನದೂ ಅರಳಿತೆನ್ನಿ. ಕೋವಿ ಅಜ್ಜನದೇ, ಹೆಸರೂ ಅಜ್ಜನದೇ, ಇದರಲ್ಲಿ ಸುಳ್ಳೇನು ಬಂತು? ನೀವಾಗಿದ್ದರೆ ಏನನ್ನುತ್ತಿದ್ದಿರಿ?

ಮನೆಗೆ ಬಂದು ಹೇಳಿದಾಗ ಅತ್ತೆ ಮಾತ್ರ ಒಪ್ಪಲಿಲ್ಲ. "ಹಿಡಿಗೆ ಹೊಸ ಮರ ಹಾಕಿದ್ರೆ ಹೊಸ್ತು ಅಂತ ಕಾಣ್ತದೆ. ಹೆಸರು ಹಾಗಲ್ಲ. ಅದು ನಿಮ್ಮ ಅಪ್ಪ ಕೊರೆಸಿದ್ದು. ಈಗ ನೀವು ಕೊರೆಸಿ, ಅವರು ಕೊರೆಸಿದ್ದು ಅಂತ ಹೇಳುದು ಹೇಗೆ? ತಿಕ್ಕಿದ್ದು ನಾನಲ್ವಾ, ನಾನೇ ಹೇಳ್ತೇನೆ."

ಕೊನೆಗೆ ಹಿಡಿಗೆ ಮಾತ್ರ ಹೊಸ ಮರ ಕೂಡಿಸಿದ್ದಾಯಿತು. ಸಂಗ್ರಹದವರು ಬಂದು ಕೂತಾಗ ಮಾವ ಬೆವರು ಒರೆಸುತ್ತ ಲೋಕಲ್ ಟ್ರೇನಿನ ಗರ್ದಿ, ನೂಕುನುಗ್ಗಲಿನ ಮಾತಾಡುತ್ತಿದ್ದರು. ಅತ್ತೆ ಚಹಾ ಇಟ್ಟು ತಮ್ಮ ಹಿಂದಿಯಲ್ಲಿ ಹೇಳಿಯೇಬಿಟ್ಟರು: "ನಾಮ್ ಪೂರಾ ಥಾ ಸಾಬ್. ಮೈನೇ ಇಮ್ಲಿ ಲಗಾಕೆ ಘಿಸ್ ಡಾಲಾ." ಹೆಸರು ಪೂರ್ತಿ ಇತ್ತು, ಹುಳಿ ಹಚ್ಚಿ ತಿಕ್ಕಿ ಅಳಿಸಿದ್ದು ನಾನೇ ಎಂದು.

ಅವರು ಹಿಡಿಯಲ್ಲಿ ಬಣ್ಣ ಬಳಿಯದೆ ಬಿಟ್ಟಿದ್ದ ಹೊಸ ಮರ ನೋಡಿದರು. ಪಟ್ಟಿಯನ್ನು ಬೆಳಕಿಗೆ ಹಿಡಿದು ಉಳಿದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಕೊನೆಗೆ, "ವಹಿನಿ, ಅಬ್ ಬಾಕಿ ಸಬ್ ಮಾನ್ ಲೇತಾ ಹೂಂ" ಎಂದರು. ಅತ್ತಿಗೆ, ಇನ್ನು ನೀವು ಹೇಳುವ ಉಳಿದದ್ದನ್ನೆಲ್ಲ ನಂಬುತ್ತೇನೆ ಎಂದು. ಮಾವ ಅತ್ತೆಯ ಕಡೆ ತಿರುಗಿ ನೋಡಿದ ಆ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಕೋವಿ ಠಾಣೆಯ ಆ ಸಂಗ್ರಹಕ್ಕೆ ಹೋದ ಮೇಲೆ ನಾವೆಲ್ಲ ನೋಡಲು ಹೋದೆವು. ಕೆಳಗೊಂದು ಮರಾಠಿ ಫಲಕ. ಅಜ್ಜನ ಹೆಸರು, ಊರು. ಅದರಡಿಯಲ್ಲಿ, ಹುಣಸೆಹುಳಿಯಿಂದ ತೊಳೆದವರು ಸೊಸೆ ಗುಲಾಬಿ, ನೆರೂಳ. ಓದಿ ಹೇಳಿದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಎಂತ ಮಾರಾಯ, ಮರ್ಯಾದೆ ತೆಗೆದ್ರಲ್ಲ" ಎನ್ನುತ್ತಲೇ ಫಲಕದ ಪಕ್ಕ ನಿಂತು, ನನ್ನ ಗುಂಡಿಯೊತ್ತುವ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡರು.

ದೀಪ ಈಗ ಹೊಳೆಯುತ್ತಿದೆ. ಅದರ ಪಾದದಲ್ಲಿ ಅಮ್ಮನ ಹೆಸರು ಕೊರೆದದ್ದಿದೆ. ಇಷ್ಟು ವರ್ಷ ಅದನ್ನೂ ಸೇರಿಸಿ ತಿಕ್ಕುತ್ತಿದ್ದೆ. ಈ ಸಲ ಅಷ್ಟು ಜಾಗ ಬಿಟ್ಟೆ.

"ಅಲ್ಲಿ ಕಪ್ಪು ಉಳೀತಲ್ಲ" ಎಂದಳು ಹೆಂಡತಿ.

"ಇರಲಿ, ಅದು ಅಮ್ಮನದು" ಎಂದೆ.