ಮೀನಿನ ಹೋಟೆಲಿನ ಹೊಸ ಬಾಣಲೆ

ಮೊಬೈಲ್ ಪರದೆಯಲ್ಲಿ ಸ್ಕಾಟ್ಲೆಂಡಿನ ಹೆಂಗಸೊಬ್ಬರು ಹೊಚ್ಚಹೊಸ ಬಾಣಲೆಯನ್ನು ಎತ್ತಿ ಹಿಡಿದು, ಅಮೆರಿಕದ ಕರ್ಕ್‌ಲ್ಯಾಂಡಿನ ನಮ್ಮ ಅಡುಗೆಮನೆಯಲ್ಲಿ ಕೂತಿದ್ದ ನನ್ನ ಅತ್ತೆಗೆ ತೋರಿಸುತ್ತಿದ್ದರು. ಇದರಲ್ಲಿ ಮೀನು ಬಿದ್ದಿಲ್ಲ, ಬೀಳುವುದೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅವರು ನನ್ನ ಸಹೋದ್ಯೋಗಿಯ ಅಕ್ಕ. ನಾವು ಪ್ರವಾಸ ಹೋಗಲಿದ್ದ ಅಲ್ಲಿನ ಪುಟ್ಟ ಕಡಲ ಹಳ್ಳಿಯಲ್ಲಿ ಇರುವುದು ಅವರದೊಂದೇ ಹೋಟೆಲ್. ಅಲ್ಲಿ ಆಲೂಗಡ್ಡೆ ಚಿಪ್ಸನ್ನೂ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆಂದು ಗೊತ್ತಾದದ್ದೇ ತಡ, ಧಾರವಾಡದ ನಮ್ಮತ್ತೆ “ನಾ ಬರಂಗಿಲ್ಲ, ನೀವು ಹೋಗಿ ಬರ್ರಿ” ಎಂದು ಹಟ ಹಿಡಿದಿದ್ದರು. ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಸಂಕಟ ಹೇಳಿಕೊಂಡೆ. ಸಹೋದ್ಯೋಗಿ ಅಕ್ಕನಿಗೆ ತಿಳಿಸಿದ್ದ. ಮರುದಿನ ಬೆಳಿಗ್ಗೆ ಅವರೇ ವಿಡಿಯೋ ಕಾಲ್ ಮಾಡಿದ್ದರು.

“ಸೌಟು ಬ್ಯಾರೆ ಅದ ಏನ್ ಕೇಳು” ಎಂದು ಅತ್ತೆ ನನ್ನ ಕಿವಿಯಲ್ಲಿ ಉಸುರಿದರು. ಅಷ್ಟು ಮಾಡಿದವರನ್ನು ಇನ್ನೂ ಕೇಳುವುದು ಹೇಗೆಂದು ನಾನು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಹಿಡಿಕೆಗೆ ಕೆಂಪು ದಾರ ಸುತ್ತಿದ ಸೌಟೊಂದನ್ನು ತೋರಿಸಿದರು. ಅವಸರದಲ್ಲಿ ಯಾರೂ ಇದನ್ನು ಮೀನಿಗೆ ಹಾಕದಿರಲೆಂದು ಆ ಗುರುತಂತೆ! ನಮ್ಮ ಮನೆಯ ಮಡಿಯನ್ನು ನಾನೇ ಇಷ್ಟು ಅಚ್ಚುಕಟ್ಟಾಗಿ ಕಾಪಾಡಿದವಳಲ್ಲ.

ಕಾಲ್ ಮುಗಿದ ಮೇಲೆ ಅತ್ತೆ ಎದ್ದು ಶೇಂಗಾ ಹುರಿಯತೊಡಗಿದರು. ಈಗ್ಯಾಕೆ ಚಟ್ನಿಪುಡಿ ಎಂದು ಕೇಳಿದೆ. “ನನ್ನ ಸಲುವಾಗಿ ಬ್ಯಾರೆ ಬಾಣಲಿ ಇಟ್ಟಾಕಿ ಕಡೆ ಬರಿಗೈಲೆ ಹೆಂಗ ಹೋಗೂದು?” ಎಂದರು.